ಸಕ್ಕರೆಯ ಸರಪಣಿ, ಹಾರ್ಮೋನಿನ ಆಯುಸ್ಸು

ಸಕ್ಕರೆಯೆಂದೊಡನೆ ನಮ್ಮ ನೆನಪಿಗೆ ಬರುವುದು ನಾಲಗೆಯ ಸವಿ. ಇಲ್ಲವೆ ಮೈಗೆ ಬಲ ಕೊಡುವ ಆಹಾರ. ಅದೂ ಇಲ್ಲವಾದರೆ ಮಧುಮೇಹದ ಭಯ. ಈ ಮೂರಕ್ಕೂ ಸೇರದ ಇನ್ನೊಂದು ಕಾರ್ಯವನ್ನು ಸಕ್ಕರೆ ನಮ್ಮ ದೇಹದೊಳಗೆ ಸದ್ದಿಲ್ಲದೆ ನಡೆಸುತ್ತಿದೆ. ಸಂತಾನಶಕ್ತಿಯನ್ನು ಆಳುವ ಕೆಲವು ಹಾರ್ಮೋನುಗಳ ಮೈಗೆ ಸಕ್ಕರೆಯ ಚಿಕ್ಕ ಚಿಕ್ಕ ಸರಪಣಿಗಳು ಅಂಟಿಕೊಂಡಿವೆ. ಆ ಹಾರ್ಮೋನು ರಕ್ತದಲ್ಲಿ ಎಷ್ಟು ಹೊತ್ತು ಉಳಿಯಬೇಕು, ಗುರಿಯನ್ನು ಮುಟ್ಟಿದ ಮೇಲೆ ಎಷ್ಟು ಬಲವಾಗಿ ಕೆಲಸ ಮಾಡಬೇಕು ಎಂಬೆರಡು ವಿಷಯಗಳನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಈ ಸರಪಣಿಗಳೇ.

ಒಂದು ಉದಾಹರಣೆಯಿಂದ ವಿಷಯಕ್ಕೆ ಬರೋಣ. ಸ್ತ್ರೀಯ ದೇಹದಲ್ಲಿ ಎಲ್.ಎಚ್. ಮತ್ತು ಎಚ್.ಸಿ.ಜಿ. ಎಂಬ ಎರಡು ಹಾರ್ಮೋನುಗಳುಂಟು. ಮೊದಲನೆಯದು ಮಿದುಳಿನ ಬುಡದಲ್ಲಿ ಕಡಲೆಕಾಳಿನ ಗಾತ್ರಕ್ಕಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಹುಟ್ಟಿ, ಪಕ್ವವಾದ ಅಂಡಾಣು ಅಂಡಾಶಯದಿಂದ ಹೊರಬೀಳುವಂತೆ ಮಾಡುತ್ತದೆ. ಎರಡನೆಯದು ಗರ್ಭ ನಿಂತ ಮೇಲೆ ಮಾಸಿನಲ್ಲಿ, ಎಂದರೆ ಜರಾಯುವಿನಲ್ಲಿ, ಹುಟ್ಟಿ ಗರ್ಭ ಉಳಿಯುವಂತೆ ನೋಡಿಕೊಳ್ಳುತ್ತದೆ. ಎರಡೂ ಬಹುಮಟ್ಟಿಗೆ ಒಂದೇ ಅಚ್ಚಿನವು. ಜೀವಕೋಶದ ಮೇಲೆ ಎರಡನ್ನೂ ಬರಮಾಡಿಕೊಳ್ಳುವ ಗ್ರಾಹಕವೂ ಒಂದೇ. ಹಾಗಿದ್ದರೂ, ರಕ್ತಕ್ಕೆ ಬಂದ ಎಲ್.ಎಚ್.ನಲ್ಲಿ ಅರ್ಧಪಾಲು ಅರ್ಧ ಗಂಟೆಯ ಆಸುಪಾಸಿನಲ್ಲೇ ಕಾಣೆಯಾಗುತ್ತದೆ, ಎಚ್.ಸಿ.ಜಿ.ಯ ಅರ್ಧಪಾಲು ಕಾಣೆಯಾಗಲು ಒಂದು ದಿನಕ್ಕೂ ಹೆಚ್ಚು ಕಾಲ ಬೇಕು. ಒಂದೇ ಕೆಲಸಕ್ಕೆ ನೇಮಕವಾದ ಇಬ್ಬರಲ್ಲಿ ಒಬ್ಬನ ಆಯುಸ್ಸು ಇನ್ನೊಬ್ಬನದಕ್ಕಿಂತ ಹತ್ತಾರು ಪಟ್ಟು ಹೆಚ್ಚಾದುದು ಏತರಿಂದ? ಈ ಪ್ರಶ್ನೆಯ ಉತ್ತರವನ್ನು ಹುಡುಕುತ್ತ ಹೋದರೆ ನಾವು ಸಕ್ಕರೆಯ ಬಳಿಗೇ ಬಂದು ನಿಲ್ಲುತ್ತೇವೆ.

ಒಂದೇ ಮನೆಯ ನಾಲ್ಕು ಹಾರ್ಮೋನುಗಳು

ಈ ಮನೆತನದಲ್ಲಿ ಒಟ್ಟು ನಾಲ್ಕು ಹಾರ್ಮೋನುಗಳಿವೆ. ಎಲ್.ಎಚ್. ಮತ್ತು ಎಚ್.ಸಿ.ಜಿ.ಗಳನ್ನು ಈಗಾಗಲೇ ಪರಿಚಯಿಸಿದೆವು. ಮೂರನೆಯದು ಎಫ್.ಎಸ್.ಎಚ್. ಅಂಡಾಶಯದಲ್ಲಿ ಅಂಡಾಣುವನ್ನು ಒಳಗಿರಿಸಿಕೊಂಡ ಪುಟ್ಟ ಚೀಲಗಳಿಗೆ ಕೋಶಿಕೆಗಳೆಂದು ಹೆಸರು. ಅವನ್ನು ಬೆಳೆಸುವುದು ಇದರ ಕೆಲಸ. ಪುರುಷರಲ್ಲಿ ಇದೇ ಹಾರ್ಮೋನು ವೀರ್ಯಾಣುಗಳ ಉತ್ಪತ್ತಿಗೆ ನೆರವಾಗುತ್ತದೆ. ನಾಲ್ಕನೆಯದಾದ ಟಿ.ಎಸ್.ಎಚ್. ಥೈರಾಯಿಡ್ ಗ್ರಂಥಿಯನ್ನು ಪ್ರಚೋದಿಸುವಂಥದು; ಸದ್ಯಕ್ಕೆ ಅದನ್ನು ಬದಿಗಿಡೋಣ.

ಈ ನಾಲ್ಕೂ ಪ್ರೋಟೀನುಗಳೇ. ಪ್ರತಿಯೊಂದರಲ್ಲಿಯೂ ಎರಡು ಎಳೆಗಳಿವೆ. 92 ಅಮೈನೊ ಆಮ್ಲಗಳನ್ನು ಪೋಣಿಸಿದಂತಿರುವ ಆಲ್ಫಾ ಎಂಬ ಎಳೆ ಮನುಷ್ಯನ ನಾಲ್ಕೂ ಹಾರ್ಮೋನುಗಳಲ್ಲಿ ಒಂದೇ. ಬೀಟಾ ಎಂಬ ಎರಡನೆಯ ಎಳೆ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಯಾವ ಹಾರ್ಮೋನು ಯಾವ ಅಂಗಕ್ಕೆ ಹೋಗಬೇಕೆಂಬುದು ಈ ಎಳೆಯಿಂದ ತೀರ್ಮಾನವಾಗುತ್ತದೆ. ಇನ್ನು ಸಕ್ಕರೆಯ ಸರಪಣಿಗಳು. ಆಲ್ಫಾ ಎಳೆಯ ಮೇಲೆ 52ನೆಯ ಮತ್ತು 78ನೆಯ ಸ್ಥಾನಗಳಲ್ಲಿ ಒಂದೊಂದು ಸರಪಣಿ ತೂಗುತ್ತಿರುತ್ತದೆ. ಎಲ್.ಎಚ್.ನ ಬೀಟಾ ಎಳೆಗೆ ಒಂದು ಸರಪಣಿ, ಎಫ್.ಎಸ್.ಎಚ್.ನ ಬೀಟಾ ಎಳೆಯಲ್ಲಿ ಎರಡಕ್ಕೆ ಎಡೆ. ಎಚ್.ಸಿ.ಜಿ.ಯ ಬೀಟಾ ಎಳೆಯಾದರೋ ಉಳಿದವಕ್ಕಿಂತ ಉದ್ದವಾದುದು. ಅದರಲ್ಲಿ ಎರಡು ಸರಪಣಿಗಳಲ್ಲದೆ, ಬಾಲದಂತೆ ಮುಂಚಾಚಿದ ತುದಿಯ ಭಾಗದಲ್ಲಿ ಇನ್ನೂ ನಾಲ್ಕು ಚಿಕ್ಕ ಸರಪಣಿಗಳಿವೆ. ಎಚ್.ಸಿ.ಜಿ.ಯ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಸಕ್ಕರೆಯದೇ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಇಲ್ಲಿ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಪ್ರೋಟೀನಿನ ಎಳೆಯಲ್ಲಿ ಯಾವ ಅಮೈನೊ ಆಮ್ಲದ ಮುಂದೆ ಯಾವುದು ಬರಬೇಕೆಂಬುದು ಜೀನುಗಳಲ್ಲಿ ಅಕ್ಷರ ಅಕ್ಷರವಾಗಿ ಬರೆದಿರುತ್ತದೆ. ಸಕ್ಕರೆಯ ಸರಪಣಿಗೆ ಅಂಥ ಬರಹ ಯಾವುದೂ ಇಲ್ಲ. 14 ಸಕ್ಕರೆಗಳುಳ್ಳ ಒಂದು ಕಚ್ಚಾ ಸರಪಣಿಯನ್ನು ಜೀವಕೋಶ ಮೊದಲು ಇಡಿಯಾಗಿ ಪ್ರೋಟೀನಿಗೆ ಅಂಟಿಸುತ್ತದೆ. ಆಮೇಲೆ ಕಿಣ್ವಗಳು ಒಂದಾದ ಮೇಲೊಂದು ಬಂದು ಕೆಲವು ಸಕ್ಕರೆಗಳನ್ನು ಕತ್ತರಿಸಿ, ಬೇರೆ ಕೆಲವನ್ನು ಜೋಡಿಸಿ, ತುದಿಯಲ್ಲೊಂದು ಮುಚ್ಚಳವನ್ನಿಡುತ್ತವೆ. ಆ ಕೋಶದಲ್ಲಿ ಯಾವ ಕಿಣ್ವಗಳು ಎಷ್ಟೆಷ್ಟಿವೆ ಎಂಬುದನ್ನನುಸರಿಸಿ ಸರಪಣಿಯ ರೂಪ ಬದಲಾಗುತ್ತದೆ. ಆದಕಾರಣ ಒಂದೇ ಹಾರ್ಮೋನು ಒಂದೇ ದೇಹದಲ್ಲಿಯೂ ಹಲವು ರೂಪಗಳಲ್ಲಿ ಇರಬಲ್ಲುದು.

ರೋಗಾಣುಗಳು ಕೊಟ್ಟ ಸುಳಿವು

1927ರಲ್ಲಿ ಬರ್ಲಿನ್ ನಗರದ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೊಂಡೆಕ್ ಎಂಬ ವೈದ್ಯರು, ಗರ್ಭಿಣಿಯರ ಮೂತ್ರದಲ್ಲಿ ಅಂಡಾಶಯವನ್ನು ಪ್ರಚೋದಿಸುವ ವಸ್ತುವಿದೆಯೆಂದು ತೋರಿಸಿದ್ದರು. ಅದೇ ಎಚ್.ಸಿ.ಜಿ. ಆದರೆ ಅದರ ಸಕ್ಕರೆಯ ಮಹತ್ವಕ್ಕೆ ಮೊದಲ ಸುಳಿವು ದೊರೆತುದು ಎರಡು ದಶಕಗಳ ಅನಂತರ, ಅದೂ ಯಾರೂ ನಿರೀಕ್ಷಿಸದ ದಿಕ್ಕಿನಿಂದ.

ಆ ಕಾಲಕ್ಕೆ ಆಸ್ಟ್ರೇಲಿಯದಲ್ಲಿ ಇನ್‌ಫ್ಲೂಯೆಂಜಾ ವಿಷಾಣುವಿನ ಸಂಶೋಧನೆ ಭರದಿಂದ ಸಾಗಿತ್ತು. ಈ ವಿಷಾಣುವಿನಲ್ಲಿಯೂ ಕಾಲರಾ ರೋಗಾಣುವಿನಲ್ಲಿಯೂ ಜೀವಕೋಶಗಳ ಮೇಲ್ಮೈಯಿಂದ ಏನನ್ನೋ ಕತ್ತರಿಸಿ ಹಾಕುವ ಕಿಣ್ವವೊಂದಿದೆಯೆಂದು ತಿಳಿದುಬಂದಿತ್ತು. 1948ರಲ್ಲಿ ಡಬ್ಲ್ಯು. ಕೆ. ವಿಟನ್ ಎಂಬ ವಿಜ್ಞಾನಿ ಇವೆರಡನ್ನೂ ಸಂತಾನ ಹಾರ್ಮೋನುಗಳ ಮೇಲೆ ಪ್ರಯೋಗಿಸಿ ನೋಡಿದರು. ಹಾರ್ಮೋನುಗಳು ನಿಷ್ಕ್ರಿಯವಾದವು. ಕಿಣ್ವವು ಕತ್ತರಿಸುತ್ತಿದ್ದುದು ಸಯಾಲಿಕ್ ಆಮ್ಲವೆಂಬ ಸಕ್ಕರೆಯನ್ನು. ಸರಪಣಿಯ ತುದಿಗೆ ಮುಚ್ಚಳವಾಗಿ ಕೂರುವುದು ಸಾಮಾನ್ಯವಾಗಿ ಇದೇ. 1960ರಲ್ಲಿ ಆಲ್ಫ್ರೆಡ್ ಗಾಟ್‌ಶಾಕ್ ಮತ್ತು ವಿಟನ್ ಅವರು ತಮ್ಮ ಸಹೋದ್ಯೋಗಿಯೊಡನೆ ಎಫ್.ಎಸ್.ಎಚ್.ನ ವಿಷಯದಲ್ಲಿ ಇದನ್ನು ಸ್ಪಷ್ಟಪಡಿಸಿದರು: ಸಯಾಲಿಕ್ ಆಮ್ಲ ಹೋಯಿತೆಂದರೆ ಹಾರ್ಮೋನಿನ ಪ್ರಭಾವವೂ ಹೋಯಿತು.

ಏಕೆ ಹೀಗೆ? ಪ್ರೋಟೀನಿನ ಎಳೆ ಹಾಗೆಯೇ ಇದೆ; ತುದಿಯ ಒಂದು ಸಕ್ಕರೆ ಮಾತ್ರ ಇಲ್ಲ. ಅಷ್ಟರಿಂದಲೇ ಹಾರ್ಮೋನು ಕೆಡುವುದುಂಟೆ?

ಯಕೃತ್ತೆಂಬ ಸುಂಕದ ಕಟ್ಟೆ

ಉತ್ತರವನ್ನು ಒದಗಿಸಿದವರು ಅಮೆರಿಕದ ಗಿಲ್ಬರ್ಟ್ ಆಶ್‌ವೆಲ್ ಮತ್ತು ಅನಾಟೊಲ್ ಮೊರೆಲ್. ಅವರ ಅಧ್ಯಯನದ ವಸ್ತು ಹಾರ್ಮೋನೇ ಆಗಿರಲಿಲ್ಲ. ರಕ್ತದಲ್ಲಿ ತಾಮ್ರವನ್ನು ಹೊತ್ತು ತಿರುಗುವ ಸೆರುಲೊಪ್ಲಾಸ್ಮಿನ್ ಎಂಬ ಪ್ರೋಟೀನು. 1960ರ ದಶಕದ ಕೊನೆಯಲ್ಲಿ ಅವರು ಅದರ ಸಯಾಲಿಕ್ ಆಮ್ಲವನ್ನು ತೆಗೆದು ಮೊಲದ ರಕ್ತಕ್ಕೆ ಚುಚ್ಚಿದರು. ಸಹಜ ರೂಪದಲ್ಲಿ ದಿನಗಟ್ಟಲೆ ಉಳಿಯುವ ಆ ಪ್ರೋಟೀನು ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮಾಯವಾಯಿತು. ಹುಡುಕಿದಾಗ ಅದು ಸಿಕ್ಕಿದ್ದು ಯಕೃತ್ತಿನಲ್ಲಿ.

ಸಯಾಲಿಕ್ ಆಮ್ಲದ ಮುಚ್ಚಳ ಕಳಚಿದೊಡನೆ ಅದರ ಕೆಳಗಿನ ಗ್ಯಾಲಕ್ಟೋಸ್ ಎಂಬ ಸಕ್ಕರೆ ಬಯಲಿಗೆ ಬರುತ್ತದೆ. ಯಕೃತ್ತಿನ ಕೋಶಗಳ ಮೇಲೆ ಈ ಬಯಲಾದ ಗ್ಯಾಲಕ್ಟೋಸನ್ನು ಗುರುತಿಸಿ ಹಿಡಿಯುವ ಗ್ರಾಹಕಗಳಿವೆ. ಹಿಡಿದ ಪ್ರೋಟೀನು ಕೋಶದೊಳಗೆ ಸೇರಿ ಜೀರ್ಣವಾಗುತ್ತದೆ. ಆ ಗ್ಯಾಲಕ್ಟೋಸನ್ನೂ ತೆಗೆದುಹಾಕಿದರೆ ಪ್ರೋಟೀನು ಮತ್ತೆ ದೀರ್ಘಕಾಲ ಉಳಿಯಿತು! ಅರಗಿನ ಮುದ್ರೆ ಭದ್ರವಾಗಿರುವ ಲಕೋಟೆಯನ್ನು ಸುಂಕದ ಕಟ್ಟೆಯವರು ಮುಂದಕ್ಕೆ ಬಿಡುತ್ತಾರೆ; ಮುದ್ರೆ ಒಡೆದುದನ್ನು ತಡೆದಿರಿಸಿಕೊಳ್ಳುತ್ತಾರೆ. ಯಕೃತ್ತಿನ ವ್ಯವಹಾರವೂ ಹೀಗೆಯೇ.

ಹಾರ್ಮೋನುಗಳ ವಿಷಯದಲ್ಲಿಯೂ ಇದೇ ನಡೆಯುತ್ತದೆಂದು 1971ರ ಹೊತ್ತಿಗೆ ಖಚಿತವಾಯಿತು. ಆ ವರ್ಷ ಪ್ರಕಟವಾದ ಪ್ರಯೋಗಗಳಲ್ಲಿ ಎಚ್.ಸಿ.ಜಿ.ಯ ಸಯಾಲಿಕ್ ಆಮ್ಲವನ್ನು ಹಂತಹಂತವಾಗಿ ತೆಗೆಯುತ್ತ ಹೋದಂತೆಲ್ಲ ಪ್ರಾಣಿಗಳಲ್ಲಿ ಅದರ ಪ್ರಭಾವ ಕುಗ್ಗುತ್ತ ಬಂದಿತು. ಆದರೆ ಅದನ್ನು ಗುರುತಿಸುವ ಪ್ರತಿಕಾಯಗಳಿಗೆ ಅದು ಮೊದಲಿನಂತೆಯೇ ಕಾಣುತ್ತಿತ್ತು. ಮುಂದೆ, ಯಕೃತ್ತಿನ ಕಾಟವಿಲ್ಲದ ಗಾಜಿನ ಪಾತ್ರೆಯಲ್ಲಿ ಇಂಥ ಹಾರ್ಮೋನನ್ನು ನೇರವಾಗಿ ಜೀವಕೋಶಗಳ ಮೇಲೆ ಹಾಕಿದಾಗ, ಅದು ತನ್ನ ಕೆಲಸವನ್ನು ಮಾಡಬಲ್ಲುದೆಂದೂ ಕಂಡುಬಂದಿತು. ಅಂದರೆ ಹಾರ್ಮೋನು ಕೆಟ್ಟಿರಲಿಲ್ಲ; ದೇಹದಲ್ಲಿ ಅಂಡಾಶಯವನ್ನು ಮುಟ್ಟುವಷ್ಟು ಕಾಲ ಅದು ಉಳಿಯುತ್ತಿರಲಿಲ್ಲ, ಅಷ್ಟೆ. ಅಳತೆಗೆ ಸಿಕ್ಕುವ ಪ್ರಮಾಣ ಬೇರೆ, ದೇಹದಲ್ಲಿ ತೋರುವ ಶಕ್ತಿ ಬೇರೆ ಎಂಬ ಪಾಠ ಇಲ್ಲಿಂದ ಆರಂಭವಾಯಿತು.

ಬೇಗ ಮರೆಯಾಗಬೇಕಾದ ಹಾರ್ಮೋನು

ಹಾಗಾದರೆ ಎಲ್.ಎಚ್. ಏಕೆ ಅಲ್ಪಾಯು? ಪಿಟ್ಯುಟರಿಯ ಒಂದೇ ಬಗೆಯ ಕೋಶ ಎಲ್.ಎಚ್. ಮತ್ತು ಎಫ್.ಎಸ್.ಎಚ್.ಗಳೆರಡನ್ನೂ ತಯಾರಿಸುತ್ತದೆ. ಆದರೆ ಎಫ್.ಎಸ್.ಎಚ್.ನ ಸರಪಣಿಗಳ ತುದಿಗೆ ಅದು ಹೆಚ್ಚಾಗಿ ಸಯಾಲಿಕ್ ಆಮ್ಲವನ್ನಿಟ್ಟರೆ, ಎಲ್.ಎಚ್.ನ ಅನೇಕ ಸರಪಣಿಗಳ ತುದಿಗೆ ಗಂಧಕದ ಅಂಶವುಳ್ಳ ಸಲ್ಫೇಟನ್ನು ಹೊತ್ತ ಬೇರೊಂದು ಸಕ್ಕರೆಯನ್ನಿಡುತ್ತದೆ. ಈ ಸಲ್ಫೇಟಿನ ಗುರುತನ್ನು ಹಿಡಿಯುವ ಪ್ರತ್ಯೇಕ ಗ್ರಾಹಕ ಯಕೃತ್ತಿನಲ್ಲಿದೆಯೆಂದು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಜಾಕ್ ಬೆಂಜಿಗರ್ ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟರು. ಎಂದರೆ ಎಲ್.ಎಚ್. ಹುಟ್ಟುವಾಗಲೇ ಬೇಗ ಮರೆಯಾಗುವ ಗುರುತನ್ನು ಹೊತ್ತು ಬರುತ್ತದೆ.

ಇದು ಪ್ರಕೃತಿಯ ದುಂದುಗಾರಿಕೆಯಲ್ಲ. ಎಲ್.ಎಚ್. ರಕ್ತಕ್ಕೆ ಹರಿದುಬರುವುದು ಎಡೆಬಿಡದ ಧಾರೆಯಾಗಿ ಅಲ್ಲ, ಅಲೆಅಲೆಯಾಗಿ. ಋತುಚಕ್ರದ ಮೊದಲ ಭಾಗದಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆಗೊಮ್ಮೆ ಒಂದು ಅಲೆ ಏಳುತ್ತದೆ. ಒಂದು ಅಲೆ ಇಳಿಯದ ಹೊರತು ಮುಂದಿನ ಅಲೆ ಅಲೆಯೆನಿಸಲಾರದು. ಸದಾ ಹಾರ್ಮೋನಿನಲ್ಲಿ ಮುಳುಗಿರುವ ಗ್ರಾಹಕಗಳು ಮಂದವಾಗುವ ಸಂಭವವೂ ಉಂಟು. ಸಲ್ಫೇಟನ್ನು ಜೋಡಿಸುವ ಕಿಣ್ವವಿಲ್ಲದ ಇಲಿಗಳನ್ನು ಬೆಂಜಿಗರ್ ತಂಡದವರು ಸೃಷ್ಟಿಸಿ, 2008ರಲ್ಲಿ ಅವುಗಳ ವೃತ್ತಾಂತವನ್ನು ಪ್ರಕಟಿಸಿದರು. ಅವುಗಳ ರಕ್ತದಲ್ಲಿ ಎಲ್.ಎಚ್. ಹೆಚ್ಚು ಕಾಲ ಉಳಿಯಿತು. ಲೈಂಗಿಕ ಹಾರ್ಮೋನುಗಳ ಮಟ್ಟ ಏರಿತು. ಅವು ವಯಸ್ಸಿಗೆ ಮುನ್ನವೇ ಪ್ರಾಯಕ್ಕೆ ಬಂದವು. ಸರಪಣಿಯ ತುದಿಯ ಒಂದು ಚಿಕ್ಕ ಗುರುತು ಇಡೀ ಪ್ರಾಣಿಯ ಜೀವನಕ್ರಮವನ್ನು ಹೇಗೆ ಹಿಡಿದಿಟ್ಟಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬೇಕೆನ್ನುವವರಿಗೆ ಕುದುರೆಯ ಉದಾಹರಣೆಯುಂಟು. ಗಬ್ಬದ ಹೆಣ್ಣುಕುದುರೆಯ ರಕ್ತದಲ್ಲಿ ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನೊಂದಿದೆಯೆಂದು 1930ರಲ್ಲಿ ಕ್ಯಾಲಿಫೋರ್ನಿಯದ ಕೋಲ್ ಮತ್ತು ಹಾರ್ಟ್ ಕಂಡುಹಿಡಿದಿದ್ದರು. ಅದು ಮಾಸಿನ ಹಾರ್ಮೋನು. ಕುದುರೆಯ ಪಿಟ್ಯುಟರಿಯಲ್ಲಿ ಹುಟ್ಟುವ ಎಲ್.ಎಚ್.ನ ಬೀಟಾ ಎಳೆಗೂ ಮಾಸಿನ ಈ ಹಾರ್ಮೋನಿನ ಬೀಟಾ ಎಳೆಗೂ ಒಂದೇ ಜೀನು ಮೂಲ; ಎರಡರ ಅಮೈನೊ ಆಮ್ಲಗಳ ಸಾಲೂ ಒಂದೇ. ವ್ಯತ್ಯಾಸವಿರುವುದು ಸಕ್ಕರೆಯಲ್ಲಿ ಮಾತ್ರ: ಪಿಟ್ಯುಟರಿ ಹಾಕುವುದು ಹೆಚ್ಚಾಗಿ ಸಲ್ಫೇಟಿನ ಗುರುತನ್ನು, ಮಾಸು ಹಾಕುವುದು ಸಯಾಲಿಕ್ ಆಮ್ಲದ ಮುಚ್ಚಳವನ್ನು. ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಸಕ್ಕರೆಯನ್ನೇ ಹೊತ್ತ ಮಾಸಿನ ಹಾರ್ಮೋನು ಕುದುರೆಯ ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ದನ ಕುರಿಗಳ ಅಂಡಾಶಯವನ್ನು ಪ್ರಚೋದಿಸಲು ಪಶುವೈದ್ಯರು ಇದನ್ನು ಒಮ್ಮೆ ಚುಚ್ಚಿದರೆ ಸಾಕಾಗುವುದು ಈ ಕಾರಣದಿಂದಲೇ, ಎಫ್.ಎಸ್.ಎಚ್. ಆದರೆ ದಿನಕ್ಕೆರಡು ಬಾರಿಯಂತೆ ಹಲವು ದಿನ ಚುಚ್ಚಬೇಕಾಗುತ್ತದೆ.

ತಿರುಗದ ಬೀಗದಕೈ

ಇಲ್ಲಿಯವರೆಗೆ ನಾವು ಆಯುಸ್ಸಿನ ಮಾತನ್ನು ಆಡಿದೆವು. ಸಕ್ಕರೆಯ ಎರಡನೆಯ ಕೆಲಸ ಇನ್ನೂ ಸೂಕ್ಷ್ಮವಾದುದು. ಇದರ ಅನ್ವೇಷಣೆಯಲ್ಲಿ ನಮ್ಮ ನಾಡಿನ ನಂಟೊಂದುಂಟು. ಸಂತಾನ ಹಾರ್ಮೋನುಗಳಿಗೆ ಎದುರಾದ ಪ್ರತಿಕಾಯಗಳನ್ನು ಬಳಸಿ ಅವುಗಳ ಪಾತ್ರವನ್ನು ಅರಿಯುವ ಕಾರ್ಯಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಅವರ ಪ್ರಯೋಗಶಾಲೆ ಹೆಸರಾಗಿತ್ತು. ಅಲ್ಲಿ ಸಂಶೋಧನೆ ನಡೆಸಿದ್ದ ಎಂ. ಆರ್. ಸಾಯಿರಾಮ್ ಮುಂದೆ ಕೆನಡದ ಮಾಂಟ್ರಿಯಲ್ ನಗರದಲ್ಲಿ ನೆಲೆಸಿ, 1979ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಒಂದು ಮಹತ್ವದ ಪ್ರಯೋಗವನ್ನು ಪ್ರಕಟಿಸಿದರು. ತುದಿಯ ಮುಚ್ಚಳವನ್ನಷ್ಟೇ ಅಲ್ಲ, ಎಲ್.ಎಚ್.ನ ಸಕ್ಕರೆಯ ಬಹುಪಾಲನ್ನು ಅವರು ಹೈಡ್ರೊಜನ್ ಫ್ಲೂರೈಡಿನಿಂದ ಕಳಚಿ ಹಾಕಿದರು. ಹೀಗೆ ಬೋಳಾದ ಹಾರ್ಮೋನು ಗ್ರಾಹಕಕ್ಕೆ ಚೆನ್ನಾಗಿಯೇ ಅಂಟಿಕೊಂಡಿತು. ಆದರೆ ಅಂಟಿಕೊಂಡ ಮೇಲೆ ಕೋಶದೊಳಗೆ ಏಳಬೇಕಾದ ಸಂಕೇತ ಏಳಲಿಲ್ಲ. ಬೀಗದಕೈ ಬೀಗದೊಳಗೆ ಸರಿಯಾಗಿ ಕೂತಿತು, ತಿರುಗಲಿಲ್ಲ. ಅಷ್ಟೇ ಅಲ್ಲ, ತಾನು ಕೂತ ಜಾಗಕ್ಕೆ ಸಹಜವಾದ ಹಾರ್ಮೋನು ಬಾರದಂತೆ ಅದು ಅಡ್ಡಿಯನ್ನೂ ಮಾಡಿತು.

ಹಲವು ಸರಪಣಿಗಳಲ್ಲಿ ಈ ಹೊಣೆ ಯಾವುದರದು? 1989ರಲ್ಲಿ ಸೇಂಟ್ ಲೂಯಿಸ್‌ನ ಮಾರ್ಟಿನ್ ಮ್ಯಾಟ್ಜುಕ್, ಅರ್ವಿಂಗ್ ಬೋಯಿಮ್ ಮೊದಲಾದವರು ಎಚ್.ಸಿ.ಜಿ.ಯ ಜೀನನ್ನು ತಿದ್ದಿ ಒಂದೊಂದೇ ಸರಪಣಿಯನ್ನು ಇಲ್ಲವಾಗಿಸಿ ನೋಡಿದರು. ಆಲ್ಫಾ ಎಳೆಯ 52ನೆಯ ಸ್ಥಾನದ ಸರಪಣಿಯೇ ಮುಖ್ಯವೆಂದು ತಿಳಿಯಿತು. ಅದಿಲ್ಲದಿದ್ದರೆ ಹಾರ್ಮೋನು ಗ್ರಾಹಕವನ್ನು ಸೇರುತ್ತದೆ, ಸಂಕೇತ ಮಾತ್ರ ಕುಂದುತ್ತದೆ.

ಸಕ್ಕರೆ ಹೆಚ್ಚಿದಷ್ಟೂ ಒಳಿತೆ?

ಇಷ್ಟನ್ನು ಓದಿದ ವಾಚಕರು, ಸಕ್ಕರೆ ಹೆಚ್ಚಾದಷ್ಟೂ ಹಾರ್ಮೋನು ಶಕ್ತವಾಗುವುದೆಂದು ಊಹಿಸಿದರೆ ತಪ್ಪೇನಲ್ಲ. ಆದರೆ ಪ್ರಕೃತಿಯ ಲೆಕ್ಕ ಅಷ್ಟು ಸರಳವಾಗಿಲ್ಲ. ಅಮೆರಿಕದ ಕಾನ್ಸಸ್ ಸಂಸ್ಥಾನದ ಜಾರ್ಜ್ ಬೌಸ್‌ಫೀಲ್ಡ್ ಅವರು ಮನುಷ್ಯನ ಎಫ್.ಎಸ್.ಎಚ್.ನಲ್ಲಿ ಎರಡು ವರ್ಗಗಳಿವೆಯೆಂದು ತೋರಿಸಿದರು. ಒಂದರಲ್ಲಿ ಬೀಟಾ ಎಳೆಯ ಎರಡು ಸರಪಣಿಗಳೂ ಇವೆ; ಇನ್ನೊಂದರಲ್ಲಿ ಒಂದು ಇಲ್ಲ. ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಾಜಿನ ಪಾತ್ರೆಯ ಜೀವಕೋಶಗಳ ಮೇಲೆ ಕಡಮೆ ಸಕ್ಕರೆಯುಳ್ಳ ರೂಪವೇ ಬಹಳ ಹೆಚ್ಚು ಚುರುಕಾಗಿ ವರ್ತಿಸಿತು. ಇದಕ್ಕಿಂತ ಕುತೂಹಲಕರವಾದ ಸಂಗತಿಯೆಂದರೆ, ಚುರುಕಾದ ಈ ರೂಪ ಹೆಚ್ಚಾಗಿರುವುದು ತರುಣಿಯರ ಪಿಟ್ಯುಟರಿಯಲ್ಲಿ. ವಯಸ್ಸೇರಿದಂತೆ ಅದರ ಪಾಲು ತಗ್ಗಿ, ಪೂರ್ಣ ಸಕ್ಕರೆಯುಳ್ಳ ರೂಪದ ಪಾಲು ಹೆಚ್ಚುತ್ತದೆ.

ಸ್ವೀಡನ್ನಿನ ಲೀಫ್ ವೀಡ್ ಅವರ ಸಂಶೋಧನೆಗಳು ಇದಕ್ಕೆ ಹೊಂದಿಕೆಯಾಗಿವೆ. ಋತುಚಕ್ರದ ನಡುವಿನ ದಿನಗಳಲ್ಲಿ ರಕ್ತದಲ್ಲಿರುವ ಎಫ್.ಎಸ್.ಎಚ್. ಕಡಮೆ ಸಯಾಲಿಕ್ ಆಮ್ಲವುಳ್ಳದ್ದು, ಆದುದರಿಂದ ಬೇಗ ಮರೆಯಾಗುವಂಥದು. ಮುಟ್ಟು ನಿಂತ ಸ್ತ್ರೀಯರಲ್ಲಿ ಅದು ಹೆಚ್ಚು ಸಯಾಲಿಕ್ ಆಮ್ಲವುಳ್ಳದ್ದು, ಬಹಳ ಹೊತ್ತು ಉಳಿಯುವಂಥದು. ಒಟ್ಟಿನಲ್ಲಿ ದೀರ್ಘಾಯುಸ್ಸು ಒಂದು ಗುಣ, ಚುರುಕು ಇನ್ನೊಂದು ಗುಣ. ಇವೆರಡನ್ನೂ ಕಾಲಕ್ಕೆ ತಕ್ಕಂತೆ ತೂಗಿ ನೋಡುವ ತಕ್ಕಡಿಯೇ ಸಕ್ಕರೆಯ ಸರಪಣಿ. ಪ್ರಯೋಗಶಾಲೆಯ ವರದಿಯಲ್ಲಿ ಎಫ್.ಎಸ್.ಎಚ್. ಇಷ್ಟೆಂದು ಬರೆದಿರುವ ಒಂದೇ ಅಂಕೆ, ಅದು ಯಾವ ಬಗೆಯ ಎಫ್.ಎಸ್.ಎಚ್. ಎಂಬುದನ್ನು ಹೇಳುವುದಿಲ್ಲ.

ಸೂಜಿಯ ಲೆಕ್ಕ

ಈ ವಿಚಾರಗಳೆಲ್ಲ ಪ್ರಯೋಗಶಾಲೆಗಷ್ಟೇ ಸೇರಿದವಲ್ಲ. ಮಕ್ಕಳಿಗಾಗಿ ಹಂಬಲಿಸಿ ವೈದ್ಯರ ಬಳಿಗೆ ಬರುವ ದಂಪತಿಗಳಿಗೆ ಇವು ನೇರವಾಗಿ ಸಂಬಂಧಿಸಿವೆ. ಮುಟ್ಟು ನಿಂತ ಸ್ತ್ರೀಯರ ಮೂತ್ರದಲ್ಲಿ ಈ ಹಾರ್ಮೋನುಗಳು ಹೇರಳವಾಗಿರುತ್ತವೆ. ಇಟಲಿಯಲ್ಲಿ ಪಿಯೆರೊ ಡೊನಿನಿ ಅವರು ಅವನ್ನು ಶುದ್ಧೀಕರಿಸಿದರು. ಇಸ್ರೇಲಿನ ವೈದ್ಯ ಬ್ರೂನೊ ಲುನೆನ್‌ಫೆಲ್ಡ್ ಅವನ್ನು ಚಿಕಿತ್ಸೆಗೆ ಬಳಸಿದರು. 1962ರಲ್ಲಿ ಆ ಚಿಕಿತ್ಸೆಯ ಫಲವಾಗಿ ಮೊದಲ ಶಿಶು ಜನಿಸಿತು. ಮೂತ್ರ ಸಂಗ್ರಹಕ್ಕೆ ನೆರವಾದವರಲ್ಲಿ ಇಟಲಿಯ ಕ್ರೈಸ್ತ ಸಂನ್ಯಾಸಿನಿಯರೂ ಇದ್ದರು.

ಸಕ್ಕರೆಯ ಸರಪಣಿಯಿಲ್ಲದ ಇನ್ಸುಲಿನ್ 1982ರ ವೇಳೆಗೇ ಬ್ಯಾಕ್ಟೀರಿಯಗಳಲ್ಲಿ ತಯಾರಾಗಿ ಔಷಧವಾಗಿ ಬಂದಿತ್ತು. ಎಫ್.ಎಸ್.ಎಚ್.ಗೆ ಆ ಮಾರ್ಗ ಒದಗಲಿಲ್ಲ. ಅದಕ್ಕೆ ಬೇಕಾದ ಸರಪಣಿಗಳನ್ನು ಹೆಣೆಯುವ ಕಿಣ್ವಗಳು ಬ್ಯಾಕ್ಟೀರಿಯಗಳಲ್ಲಿಲ್ಲ. ಚೀನಾದ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದ ಕೋಶಗಳಲ್ಲಿ ತಯಾರಿಸಿದ ಎಫ್.ಎಸ್.ಎಚ್. ಬಳಕೆಗೆ ಬಂದುದು 1995ರಲ್ಲಿ. ಮನುಷ್ಯ ಮೂಲದ ಕೋಶಗಳಲ್ಲಿ ಬೆಳೆಸಿ, ಸಯಾಲಿಕ್ ಆಮ್ಲದ ಜೋಡಣೆಯಲ್ಲಿ ಸಹಜ ಹಾರ್ಮೋನಿಗೆ ಇನ್ನಷ್ಟು ಹತ್ತಿರವಾದ ರೂಪವೊಂದಕ್ಕೆ ಯುರೋಪಿನಲ್ಲಿ 2016ರಲ್ಲಿ ಒಪ್ಪಿಗೆ ದೊರೆಯಿತು.

ಎಫ್.ಎಸ್.ಎಚ್.ನ ಅರ್ಧಪಾಲು ಒಂದೆರಡು ದಿನದೊಳಗೆ ಕರಗುವುದರಿಂದ ಕೋಶಿಕೆಗಳು ಬೆಳೆಯುವತನಕ ದಿನದಿನವೂ ಸೂಜಿ ಚುಚ್ಚಿಸಿಕೊಳ್ಳಬೇಕು. ಇದನ್ನು ತಪ್ಪಿಸುವ ಉಪಾಯವನ್ನು ಬೋಯಿಮ್ ಮತ್ತು ಸಂಗಡಿಗರು ಪ್ರಕೃತಿಯಿಂದಲೇ ಎರವಲು ತಂದರು. ನಾಲ್ಕು ಸರಪಣಿಗಳುಳ್ಳ ಎಚ್.ಸಿ.ಜಿ.ಯ ಬಾಲವನ್ನು ಕತ್ತರಿಸಿ ಎಫ್.ಎಸ್.ಎಚ್.ನ ಬೀಟಾ ಎಳೆಗೆ ಜೋಡಿಸಿದರು. 1992ರಲ್ಲಿ ಪ್ರಕಟವಾದ ಈ ಕೆಲಸದಿಂದ ಹೊಮ್ಮಿದ ಔಷಧ 2010ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದಿತು. ಅದರ ಒಂದು ಚುಚ್ಚುಮದ್ದು ಏಳು ದಿನಗಳ ಚುಚ್ಚುಮದ್ದುಗಳ ಕೆಲಸವನ್ನು ಮಾಡುತ್ತದೆ.

ಆದರೆ ದೀರ್ಘಾಯುಸ್ಸಿಗೆ ಇನ್ನೊಂದು ಮುಖವೂ ಉಂಟು. ಒಮ್ಮೆ ಚುಚ್ಚಿದ ಮದ್ದನ್ನು ಹಿಂದಕ್ಕೆ ತೆಗೆಯಲಾಗದು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಅಂಡಾಣುಗಳನ್ನು ಕಡೆಯ ಹಂತದಲ್ಲಿ ಪಕ್ವಗೊಳಿಸಲು ಎಚ್.ಸಿ.ಜಿ.ಯನ್ನು ಕೊಡುವ ರೂಢಿಯಿದೆ. ಅದು ದಿನಗಟ್ಟಲೆ ಉಳಿಯುವುದರಿಂದ, ಕೆಲವು ಸ್ತ್ರೀಯರಲ್ಲಿ ಅಂಡಾಶಯ ಅತಿಯಾಗಿ ಕೆರಳಿ, ಹೊಟ್ಟೆಯಲ್ಲಿ ನೀರು ತುಂಬಿ, ಪ್ರಾಣಕ್ಕೇ ಸಂಚಕಾರ ಬರುವುದುಂಟು. ಇಂಥ ಅಪಾಯವಿರುವವರಿಗೆ ವೈದ್ಯರು ಎಚ್.ಸಿ.ಜಿ.ಯ ಬದಲು, ದೇಹದ ಸ್ವಂತ ಎಲ್.ಎಚ್.ನ ಅಲೆಯನ್ನು ಎಬ್ಬಿಸುವ ಮದ್ದನ್ನು ಕೊಡುತ್ತಾರೆ. ಆ ಎಲ್.ಎಚ್. ತನ್ನ ಕೆಲಸವನ್ನು ಮುಗಿಸಿ ಬೇಗನೆ ಮರೆಯಾಗುತ್ತದೆ. ಅಪಾಯವೂ ಬಹಳಮಟ್ಟಿಗೆ ತಗ್ಗುತ್ತದೆ. ಸರಪಣಿಯ ತುದಿಯಲ್ಲಿ ಕುಳಿತ ಸಕ್ಕರೆ ಯಾವುದೆಂಬ ಸಣ್ಣ ವಿಷಯ, ಇಲ್ಲಿ ಒಬ್ಬ ತಾಯಿಯ ಕ್ಷೇಮದ ವಿಷಯವಾಗಿ ಪರಿಣಮಿಸುತ್ತದೆ.

1994ರಲ್ಲಿ ಎಚ್.ಸಿ.ಜಿ.ಯ ಆಕಾರವನ್ನು ಹರಳುಗಳ ಮೂಲಕ ಮೊದಲ ಬಾರಿಗೆ ಕಂಡವರು, ಹರಳುಗಟ್ಟಲು ಅಡ್ಡಿಯಾಗುತ್ತದೆಂದು ಅದರ ಸಕ್ಕರೆಯ ಬಹುಭಾಗವನ್ನು ತೆಗೆದುಹಾಕಬೇಕಾಯಿತು. ಆ ಚಿತ್ರದಿಂದ ನಾವು ಪ್ರೋಟೀನಿನ ಮಡಿಕೆಗಳನ್ನು ಚೆನ್ನಾಗಿ ಅರಿತೆವು. ಆದರೆ ದೇಹದೊಳಗೆ ಹಾರ್ಮೋನು ಎಂದೂ ಹಾಗೆ ಬೋಳಾಗಿ ಸಂಚರಿಸುವುದಿಲ್ಲ. ಅದು ಹೊತ್ತು ಬರುವ ಸಕ್ಕರೆಯನ್ನೂ ಕೂಡಿಸಿಕೊಂಡು ನೋಡಿದಾಗಲೇ ಅದರ ಬಾಳು ಎಷ್ಟು, ಬಲ ಎಷ್ಟು ಎಂಬುದು ನಮಗೆ ತಿಳಿಯುತ್ತದೆ.